ಬೆಳೆಯುವ ಸಿರಿ ಮೊಳಕೆಯಲ್ಲಿ

ಸನ್ಮಾನ ಸಮಾರಂಭಗಳಲ್ಲಿ ಕೇಳಿ ಕೇಳಿ ಈ ಗಾದೆ ಹುಟ್ಟಿದ ಹೊಲವನ್ನೇ ನಾವು ಮರೆತಿದ್ದೇವೆ. ಯಲಬುರ್ಗಾ, ಕುಷ್ಟಗಿ ಸೀಮೆಯ ಮಸಾರಿ ಹೊಲದಲ್ಲಿ ಸಜ್ಜೆ ಬಿತ್ತಿದ ನಾಲ್ಕೈದು ದಿನಕ್ಕೆ ರೈತ ಸಾಲಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಬೆರಳಿನಿಂದ ಮಣ್ಣು ಸರಿಸಿ ನೋಡುತ್ತಾನೆ. ‘ಛಲೋ ನಾಟೈತಿ’ ಎನ್ನುತ್ತಾನೆ. ಮನೆಗೆ ಬಂದು ಎಡೆಕುಂಟಿ ಸಜ್ಜು ಮಾಡಿಕೊಳ್ಳುತ್ತಾನೆ. ಮೊಳಕೆ ಕಂಡ ದಿನವೇ ಯಾರೂ ರಾಶಿ ಪೂಜೆ ಮಾಡುವುದಿಲ್ಲ.

ಗಾದೆಯ ಮೊದಲ ಪದದಲ್ಲೇ ಅರ್ಥವಿದೆ. ‘ಬೆಳೆದ ಸಿರಿ’ ಅಲ್ಲ, ‘ಬೆಳೆಯುವ ಸಿರಿ’. ಮೊಳಕೆಯಲ್ಲಿ ಕಾಣುವುದು ಸಿರಿಯ ಸುಳಿವು ಮಾತ್ರ, ಬೆಳೆಯುವ ಕೆಲಸವೆಲ್ಲ ಇನ್ನೂ ಮುಂದಿದೆ.

ಚಿಕ್ಕ ವಯಸ್ಸಿನ ಪದವಿಗಳನ್ನೂ ಹೀಗೆಯೇ ನೋಡಬೇಕು. ಪಟ್ನಾದ ತಥಾಗತ್ ಅವತಾರ್ ತುಳಸಿ 12ನೇ ವಯಸ್ಸಿಗೆ ಎಂ.ಎಸ್ಸಿ ಮುಗಿಸಿದಾಗ ದೇಶವೇ ಬೆರಗಾಯಿತು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕ್ವಾಂಟಮ್ ಹುಡುಕಾಟದ ಕ್ರಮವಿಧಿಗಳ (ಅಲ್ಗಾರಿದಂ) ಮೇಲೆ ಸಂಶೋಧನೆ ಮಾಡಿ ಪಿಎಚ್‌.ಡಿ ಪಡೆದದ್ದು 2009ರಲ್ಲಿ, 21ನೇ ವಯಸ್ಸಿಗೆ. ಆಗಲೂ ಅದು ಅತಿ ಚಿಕ್ಕ ವಯಸ್ಸೇ. ಆದರೆ ಪರೀಕ್ಷೆಗಳನ್ನು ಹಾರಿ ದಾಟಿದ ಹುಡುಗನಿಗೂ ಸಂಶೋಧನೆ ವರ್ಷಗಟ್ಟಲೆ ಬೇಡಿತು. ಉತ್ತರ ಗೊತ್ತಿರುವ ಪ್ರಶ್ನೆಗಳನ್ನು ಬೇಗ ಬಿಡಿಸಬಹುದು. ಯಾರಿಗೂ ಉತ್ತರ ಗೊತ್ತಿಲ್ಲದ ಪ್ರಶ್ನೆ ತನ್ನ ಕಾಲವನ್ನು ತಾನೇ ತೆಗೆದುಕೊಳ್ಳುತ್ತದೆ. ಸಿ.ವಿ. ರಾಮನ್ ಎಂ.ಎ ಮುಗಿಸಿದಾಗ, 1907ರಲ್ಲಿ, ಅವರಿಗೆ 18 ವರ್ಷ. ‘ರಾಮನ್ ಪರಿಣಾಮ’ ಕೈಗೆ ಸಿಕ್ಕಿದ್ದು 1928ರಲ್ಲಿ. ಮೊಳಕೆಗೂ ರಾಶಿಗೂ ನಡುವೆ 21 ವರ್ಷ, ಅದರಲ್ಲಿ ಹತ್ತು ವರ್ಷ ಹಣಕಾಸು ಇಲಾಖೆಯ ನೌಕರಿ.

ಗಂಗಾವತಿಯ ಭತ್ತದ ಗದ್ದೆಗೆ ಹೋದರೆ ಇನ್ನೊಂದು ಪಾಠ ಸಿಗುತ್ತದೆ. ಬೇಗ ಬೆಳೆಯಲಿ ಎಂದು ಯೂರಿಯಾ ಸುರಿದರೆ ಪೈರು ಕಡುಹಸಿರಾಗಿ, ಸೊಕ್ಕಿ ಎತ್ತರಕ್ಕೇಳುತ್ತದೆ, ಕಾಳು ಕಟ್ಟುವ ಹೊತ್ತಿಗೆ ಒಂದು ಗಾಳಿಗೆ ನೆಲಕ್ಕೊರಗುತ್ತದೆ. ಮಗುವಿಗೆ ಓದಿನ ಹಸಿವಿದ್ದರೆ ದಾರಿ ಬಿಡೋಣ, ಓಡಲಿ. ಹಸಿವು ನಮ್ಮದಾಗಿದ್ದು ಓಟ ಮಗುವಿನದಾದರೆ ಅದು ಅನ್ಯಾಯ.

ಇಷ್ಟಾಗಿಯೂ, ನಮ್ಮ ಸೀಮೆಯ ದೊಡ್ಡ ಸಂಕಟ ಬೇಗ ಬೆಳೆದ ಪೈರಿನದಲ್ಲ, ಮೊಳೆಯಲು ತಾವೇ ಸಿಗದ ಬೀಜದ್ದು. ನಿಜಾಮರ ಕಾಲದಲ್ಲಿ ಇಲ್ಲಿನ ಕನ್ನಡದ ಮಕ್ಕಳು ಉರ್ದುವಿನಲ್ಲಿ ಓದಿ, ಉನ್ನತ ಶಿಕ್ಷಣಕ್ಕೆ ಹೈದರಾಬಾದಿಗೆ ಹೋಗಬೇಕಿತ್ತು. ಯಲಬುರ್ಗಾ ಸೀಮೆಯ ದ್ಯಾಂಪುರದ ಸಿದ್ಧಯ್ಯ ಪುರಾಣಿಕರು ಅಂಥ ದಿನಗಳಲ್ಲಿ ಬೆಳೆದು, ಐಎಎಸ್ ಅಧಿಕಾರಿಯಾಗಿ, ‘ಕಾವ್ಯಾನಂದ’ ಎಂಬ ಕಾವ್ಯನಾಮದ ಕವಿಯಾಗಿ ಕನ್ನಡಕ್ಕೆ ಸಂದರು. ಗುಲಬರ್ಗಾ ವಿಶ್ವವಿದ್ಯಾಲಯ ಬಂದದ್ದೇ 1980ರಲ್ಲಿ. ಇಂದಿಗೂ ಮಳೆ ಕೈಕೊಟ್ಟ ವರ್ಷ ಕುಷ್ಟಗಿ, ಯಲಬುರ್ಗಾದ ಹಳ್ಳಿಗಳಿಂದ ಮನೆಮಂದಿಯೆಲ್ಲ ಗುಳೆ ಹೋಗುತ್ತಾರೆ. ಮಂಗಳೂರು, ಗೋವಾ, ಬೆಂಗಳೂರಿನ ಕಟ್ಟಡಗಳ ನೆರಳಲ್ಲಿ ತಂಗಿಯನ್ನು ಎತ್ತಿಕೊಂಡು ನಿಂತ ಹುಡುಗಿಯಲ್ಲೂ ಸಿರಿಯಿದೆ. ಮಣ್ಣು ಸರಿಸಿ ನೋಡುವವರಿಲ್ಲ. ಅಂಥವಳು ನಡುವೆ ನಿಂತ ಓದನ್ನು ಮತ್ತೆ ಹಿಡಿದು 35ಕ್ಕೆ ಪಿಎಚ್‌.ಡಿ ಪಡೆದರೆ, 21ರ ಪದವಿಗಿಂತ ಅದು ಕಡಿಮೆಯದೆಂದು ನಾನು ಒಪ್ಪಲಾರೆ.

ಗುಳೆ ಹೊರಡುವ ಅಕ್ಕ-ಅಣ್ಣಂದಿರಲ್ಲಿ ಒಂದೇ ಬೇಡಿಕೆ: ಮನೆಗೆ ಬೀಗ ಹಾಕುವ ಮೊದಲು ಶಾಲೆಯ ಮಾಸ್ತರರನ್ನು ಕಂಡು, ಮಗುವನ್ನು ಅಜ್ಜಿಯ ಮನೆಯಲ್ಲೋ ಹಾಸ್ಟೆಲಿನಲ್ಲೋ ಬಿಟ್ಟು ಹೋಗಿ.