ಕೇಳದೆ ಕೊಟ್ಟ ಮಾತು

ಒಬ್ಬರ ಒಂಟಿತನವನ್ನು ಕಳೆಯುವ ಹೊಣೆ ಇನ್ನೊಬ್ಬರದೇ? ಹೌದು ಎನ್ನುವುದಾದರೆ, ಆ ಇನ್ನೊಬ್ಬರು ಯಾರೆಂದು ಗೊತ್ತುಮಾಡುವವರು ಯಾರು? ಇಂಥ ಪ್ರಶ್ನೆ ಉಪನಿಷತ್ತಿನ ಪ್ರವಚನದಲ್ಲಿ ಎದುರಾಗಿದ್ದರೆ ಹೇಳಿಕೊಳ್ಳಲು ಚೆನ್ನಾಗಿರುತ್ತಿತ್ತು. ನನಗೆ ಅದು ಎದುರಾದದ್ದು ಹಳೆಯದೊಂದು ಕಪ್ಪು-ಬಿಳುಪು ರಾಕ್ಷಸನ ಸಿನಿಮಾದಲ್ಲಿ. ಅಮೆರಿಕದ ಯೂನಿವರ್ಸಲ್ ಕಂಪನಿಯವರು 1935ರಲ್ಲಿ ತೆಗೆದ ‘ಬ್ರೈಡ್ ಆಫ್ ಫ್ರಾಂಕೆನ್‌ಸ್ಟೈನ್’. ನಿರ್ದೇಶಕ ಜೇಮ್ಸ್ ವೇಲ್. ದೆವ್ವ, ಭೂತ ಎಂದರೆ ಟಿ.ವಿ. ಮುಂದಿನಿಂದ ಎದ್ದು ಹೋಗುವವಳು ನಾನು. ರಜೆಗೆ ಬಂದಿದ್ದ ಮಗಳು ಬಲವಂತ ಮಾಡಿ ಕೂರಿಸಿದಳು. ಹುರುಳಿಕಾಯಿಯ ನಾರು ತೆಗೆಯುತ್ತಾ ಅರ್ಧ ಮನಸ್ಸಿನಿಂದ ನೋಡತೊಡಗಿದವಳು ಸ್ವಲ್ಪ ಹೊತ್ತಿನಲ್ಲಿ ಕಾಯಿಯ ಮೊರವನ್ನು ಪಕ್ಕಕ್ಕೆ ಸರಿಸಿದ್ದೆ.

ಇದು 1931ರ ‘ಫ್ರಾಂಕೆನ್‌ಸ್ಟೈನ್’ ಚಿತ್ರದ ಮುಂದಿನ ಭಾಗ. ಹೆನ್ರಿ ಫ್ರಾಂಕೆನ್‌ಸ್ಟೈನ್ ಎಂಬ ವಿಜ್ಞಾನಿ ಹೆಣಗಳ ಅಂಗಾಂಗ ಕೂಡಿಸಿ ಹೊಲಿದು, ಮಿಂಚಿನ ಶಕ್ತಿ ಹಾಯಿಸಿ ಒಬ್ಬ ಮನುಷ್ಯನನ್ನು ಮಾಡುತ್ತಾನೆ. ಮಾಡಿದ ಮೇಲೆ ಅದನ್ನು ಕೈಬಿಡುತ್ತಾನೆ. ಫ್ರಾಂಕೆನ್‌ಸ್ಟೈನ್ ಎಂಬುದು ರಾಕ್ಷಸನ ಹೆಸರೆಂದೇ ಬಹಳ ಜನ ತಿಳಿದಿದ್ದಾರೆ. ಅದು ಮಾಡಿದವನ ಹೆಸರು. ಮಾಡಿಸಿಕೊಂಡವನಿಗೆ ಹೆಸರೇ ಇಲ್ಲ. ಹೆತ್ತವರು ಹೆಸರಿಡದೆ ಬಿಟ್ಟ ಮಗು, ಊರಿನವರು ಕಲ್ಲು ಹೊಡೆದು ಬೆಳೆಸಿದ ಮಗು ಎಂದರೂ ನಡೆದೀತು. ಹಾಗೆಂದು ಅವನು ಸಾಧುವೇನಲ್ಲ. ಮೊದಲ ಚಿತ್ರದಲ್ಲಿ ಕೆರೆಯ ದಡದಲ್ಲಿ ಹೂವಿನ ಆಟ ಆಡಲು ಕರೆದ ಪುಟ್ಟ ಹುಡುಗಿ ಅವನ ಕೈಯಲ್ಲೇ ಸಾಯುತ್ತಾಳೆ. ಎರಡನೆಯ ಚಿತ್ರದ ಆರಂಭದಲ್ಲೇ ಆ ಹುಡುಗಿಯ ತಂದೆತಾಯಿಯರನ್ನೂ ಕೊಲ್ಲುತ್ತಾನೆ. ಇಷ್ಟಾದರೂ ಬೋರಿಸ್ ಕಾರ್ಲಾಫ್ ಎಂಬ ಆ ನಟನ ಕಣ್ಣು ನೋಡಿದರೆ ನಮಗೆ ಸಿಟ್ಟು ಬರುವುದಿಲ್ಲ, ಕರುಳು ಚುರ್ ಎನ್ನುತ್ತದೆ.

ಕಾಡಿನಲ್ಲಿ ಅವನು ಪಿಟೀಲಿನ ನಾದ ಕೇಳಿ ಒಂದು ಗುಡಿಸಲಿನ ಬಾಗಿಲಿಗೆ ಬರುತ್ತಾನೆ. ಒಳಗೆ ಕಣ್ಣು ಕಾಣದ ಮುದುಕನೊಬ್ಬ ಒಂಟಿಯಾಗಿ ಬದುಕುತ್ತಿದ್ದಾನೆ. ಕಣ್ಣಿಲ್ಲದವನಿಗೆ ಹೊಲಿಗೆ ಹಾಕಿದ ಮುಖ ಕಾಣುವುದಿಲ್ಲ. ಬಂದವನು ಗಾಯಗೊಂಡಿದ್ದಾನೆ, ಮಾತು ಬಾರದು ಎಂಬುದಷ್ಟೇ ಅವನಿಗೆ ತಿಳಿಯುವುದು. ಊಟ ಕೊಟ್ಟು, ಮಲಗಿಸಿ, ಸ್ನೇಹಿತನನ್ನು ಕಳಿಸಿಕೊಟ್ಟೆಯಲ್ಲ ಎಂದು ದೇವರಿಗೆ ಕೈಮುಗಿದು ಅಳುತ್ತಾನೆ. ರಾಕ್ಷಸನ ಕಣ್ಣಲ್ಲೂ ಒಂದು ಹನಿ. ಆಮೇಲೆ ಮುದುಕ ಪಾಠ ಶುರುಮಾಡುತ್ತಾನೆ. ರೊಟ್ಟಿ, ದ್ರಾಕ್ಷಾರಸ, ಸ್ನೇಹಿತ, ಒಳ್ಳೆಯದು, ಕೆಟ್ಟದ್ದು. ಮೂವತ್ತು ವರ್ಷ ಮಕ್ಕಳಿಗೆ ಅಕ್ಷರ ತಿದ್ದಿಸಿದವಳು ನಾನು. ಇಷ್ಟು ಚೊಕ್ಕವಾದ ಮೊದಲ ಪಾಠವನ್ನು ಎಲ್ಲೂ ಕಂಡಿಲ್ಲ. ರಾಕ್ಷಸ ಮಾತಾಡುವುದು ಕಾರ್ಲಾಫ್‌ಗೆ ಇಷ್ಟವಿರಲಿಲ್ಲವಂತೆ. ಮಾತಾಡದಿದ್ದರೆ ಈ ಚಿತ್ರವೇ ಇರುತ್ತಿರಲಿಲ್ಲ ಎಂದು ನನ್ನ ಅಭಿಪ್ರಾಯ. ಆ ಸುಖ ಹೆಚ್ಚು ದಿನ ಉಳಿಯುವುದಿಲ್ಲ. ಬೇಟೆಗಾರರಿಬ್ಬರು ಬಂದು ಅವನನ್ನು ಗುರುತಿಸುತ್ತಾರೆ, ಗಲಾಟೆಯಲ್ಲಿ ಗುಡಿಸಲಿಗೆ ಬೆಂಕಿ ಬೀಳುತ್ತದೆ.

ಇಲ್ಲಿ ನಾವು ಗಮನಿಸಬೇಕಾದ ಸಂಗತಿ ಒಂದುಂಟು. ಆ ಮುದುಕನೂ ಒಂಟಿಯೇ. ಜೊತೆಗೊಬ್ಬ ಬೇಕು ಎಂದು ಅವನೂ ದೇವರನ್ನು ಬೇಡಿದ್ದ. ಬೇಡಿದನೇ ಹೊರತು ಯಾರಿಂದಲೂ ಮಾಡಿಸಿಕೊಳ್ಳಲಿಲ್ಲ. ಬಂದವನು ತನ್ನ ಕಾಲಿನಿಂದಲೇ ನಡೆದು ಬಂದ, ಬೇಡವೆನಿಸಿದ್ದರೆ ಅದೇ ಬಾಗಿಲಿನಿಂದ ಹೋಗಬಹುದಿತ್ತು.

ಆಮೇಲೆ ಬರುವವನು ಡಾಕ್ಟರ್ ಪ್ರಿಟೋರಿಯಸ್. ಹೆನ್ರಿಯ ಹಳೆಯ ಮೇಷ್ಟ್ರು. (ಮೇಷ್ಟ್ರ ಜಾತಿಗೇ ಕೆಟ್ಟ ಹೆಸರು ತರುವಂಥವನು.) ಗಾಜಿನ ಜಾಡಿಗಳಲ್ಲಿ ಗೇಣುದ್ದದ ಮನುಷ್ಯರನ್ನು ಮಾಡಿಟ್ಟುಕೊಂಡಿದ್ದಾನೆ: ಒಬ್ಬ ರಾಜ, ಒಬ್ಬಳು ರಾಣಿ, ಒಬ್ಬ ಪಾದ್ರಿ. ರಾಜ ಜಾಡಿಯಿಂದ ಹತ್ತಿ ಇಳಿದು ರಾಣಿಯ ಕಡೆಗೆ ಓಡುತ್ತಾನೆ, ಡಾಕ್ಟರ್ ಇಕ್ಕಳದಲ್ಲಿ ಎತ್ತಿ ಮತ್ತೆ ಜಾಡಿಗೆ ಹಾಕುತ್ತಾನೆ. ನೋಡುವಾಗ ನಗು ಬರುತ್ತದೆ. ಈ ಪ್ರಿಟೋರಿಯಸ್ ಸಮಾಧಿಯ ನೆಲಮಾಳಿಗೆಯಲ್ಲಿ ರಾಕ್ಷಸನಿಗೆ ಸಿಕ್ಕಿ, ನಿನಗೊಬ್ಬಳು ಜೊತೆಗಾತಿಯನ್ನು ಮಾಡಿಕೊಡುತ್ತೇನೆ ಎನ್ನುತ್ತಾನೆ. ಹೆನ್ರಿ ಒಪ್ಪದಿದ್ದಾಗ ಅವನ ಹೆಂಡತಿ ಎಲಿಜಬೆತ್‌ಳನ್ನು ರಾಕ್ಷಸನಿಂದ ಹೊತ್ತೊಯ್ಯಿಸಿ ಒಪ್ಪಿಸುತ್ತಾನೆ. ಮದುಮಗಳಿಗೆ ಹಸಿ ಹೃದಯ ಬೇಕಾದಾಗ ಅವರ ಸೇವಕ ಬೀದಿಯಲ್ಲಿ ಹೋಗುತ್ತಿದ್ದ ಹುಡುಗಿಯೊಬ್ಬಳನ್ನು ಕೊಂದು ತರುತ್ತಾನೆ. ಒಬ್ಬಳನ್ನು ಹುಟ್ಟಿಸಲು ಒಬ್ಬಳ ಅಪಹರಣ, ಇನ್ನೊಬ್ಬಳ ಕೊಲೆ.

ಮದುಮಗಳು ತೆರೆಯ ಮೇಲೆ ಬರುವುದು ಕೊನೆಯಲ್ಲಿ, ಐದು ನಿಮಿಷಕ್ಕೂ ಕಡಿಮೆ. ನೆಟ್ಟಗೆ ನಿಂತ ಕೂದಲಿನ ಎರಡು ಕಡೆಗೂ ಮಿಂಚಿನಂತೆ ಬಿಳಿಯ ಎಳೆ. ಗಂಟೆಗಳು ಮೊಳಗುತ್ತವೆ, ಪ್ರಿಟೋರಿಯಸ್ ವಧುವನ್ನು ಘೋಷಿಸುತ್ತಾನೆ. ಅವಳು ಈಗ ತಾನೇ ನಡೆಯಲು ಕಲಿತ ಮಗುವಿನಂತೆ ತೂರಾಡುತ್ತಾ ಅತ್ತ ಇತ್ತ ನೋಡುತ್ತಾಳೆ. ರಾಕ್ಷಸ ಹತ್ತಿರ ಬರುತ್ತಾನೆ, ಆಸೆಯಿಂದ. ಅವಳು ಕಿಟಾರನೆ ಕಿರುಚುತ್ತಾಳೆ. ಅವನು ಪಕ್ಕದಲ್ಲಿ ಕೂತು ಅವಳ ಕೈಯನ್ನು ಮೆಲ್ಲಗೆ ಸವರುತ್ತಾನೆ. ಮತ್ತೆ ಕಿರುಚುತ್ತಾಳೆ. ಅವಳಿಗೆ ಒಂದು ಮಾತನ್ನೂ ಯಾರೂ ಕಲಿಸಿಲ್ಲ. ಅವನಿಗಾದರೂ ಕುರುಡು ಮುದುಕನಿದ್ದ. ಆ ಪಾತ್ರ ಮಾಡಿದ ಎಲ್ಸಾ ಲ್ಯಾಂಚೆಸ್ಟರ್ ಲಂಡನ್ನಿನ ಪಾರ್ಕಿನಲ್ಲಿ ಸಿಟ್ಟಿಗೆದ್ದ ಹಂಸಗಳು ಬುಸುಗುಟ್ಟುವುದನ್ನು ಕೇಳಿ ಅದನ್ನೇ ಇಲ್ಲಿ ತಂದರಂತೆ. ಬೇಡ ಎಂಬ ಪದ ಗೊತ್ತಿಲ್ಲದವಳು ಹಂಸದ ಹಾಗೆ ಬುಸುಗುಟ್ಟಿದಳು.

ನಮ್ಮ ಜೊತೆ ಕೂತು ನೋಡುತ್ತಿದ್ದ ನನ್ನ ನಾದಿನಿಗೆ ಕೋಪ ಬಂತು. “ಅಲ್ಲ ಅತ್ತಿಗೆ, ಇವಳೂ ಹೆಣದಿಂದ ಎದ್ದು ಬಂದವಳೇ ತಾನೇ? ಅವನಷ್ಟು ಪ್ರೀತಿಯಿಂದ ಕೈ ಹಿಡಿದರೆ ಹೀಗಾ ಆಡೋದು? ಪಾಪ, ಜೀವ ಎಷ್ಟು ನೊಂದಿತ್ತು!” ಎಂದಳು.

ಆ ‘ಪಾಪ’ ನನ್ನ ಬಾಯಲ್ಲೂ ಇತ್ತು. ಆದರೆ ಅದು ನನ್ನನ್ನು ಕೊರೆಯತೊಡಗಿದ್ದು ಅಲ್ಲಿಂದಲೇ. ಅವನು ನೊಂದವನೆಂಬುದು ನಿಜ, ಪ್ರೀತಿಗೆ ಅರ್ಹನೆಂಬುದೂ ನಿಜ. ಆದರೆ ಪ್ರೀತಿಗೆ ಅರ್ಹನಾದವನು ಇಂಥವಳ ಪ್ರೀತಿಗೆ ಹಕ್ಕುದಾರನಾಗುವುದು ಹೇಗೆ? ಅವನ ನೋವಿಗೆ ಅವಳು ಕಾರಣಳಲ್ಲ. ಅವನನ್ನು ಮಾಡಿ ಬಿಟ್ಟವನು ಹೆನ್ರಿ, ಕಲ್ಲು ಹೊಡೆದವರು ಊರವರು. ಹೆನ್ರಿಯ ಸಾಲವನ್ನು ಇವಳ ತಲೆಗೆ ಕಟ್ಟಿದ್ದಾರೆ, ಅಷ್ಟೆ. ಇವಳ ಪರವಾಗಿ ಮಾತು ಕೊಟ್ಟಾಗ ಇವಳು ಹುಟ್ಟಿಯೂ ಇರಲಿಲ್ಲ.

ನಮ್ಮ ಕಡೆ ಒಂದು ಮಾತಿದೆಯಲ್ಲ, “ಒಂದು ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತೆ” ಅಂತ. ಕುಡಿಯುವವನಿಗೂ ಅದೇ ಔಷಧಿ, ಕೆಲಸ ಹಿಡಿಯದವನಿಗೂ ಅದೇ, ತಾಯಿ ಸತ್ತ ಮೇಲೆ ಮಂಕಾದವನಿಗೂ ಅದೇ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಹೀಗೊಂದು ಸಂಬಂಧ ಬಂದಿತ್ತು. ಹುಡುಗ ಕೆಟ್ಟವನಲ್ಲ, ಮನಸ್ಸಿನ ಕಾಯಿಲೆಯಿಂದ ಬಳಲಿ ಮನೆ ಸೇರಿದ್ದವನು. ಅವಳು ಒಲ್ಲೆ ಎಂದಳು. ಆಗ ಅವಳ ಮನೆಯವರು ಹೇಳಿದ್ದು, “ನಿನಗೆ ಕರುಣೆಯೇ ಇಲ್ಲವಾ?” ನನ್ನ ಹತ್ತಿರ ಬಂದು, “ಟೀಚರ್, ಕರುಣೆ ಇದೆ. ಅದಕ್ಕೇ ಆಗಲ್ಲ ಅಂದೆ. ಕರುಣೆಯಿಂದ ಎಷ್ಟು ವರ್ಷ ಒಬ್ಬರ ಜೊತೆ ಇರೋಕಾಗುತ್ತೆ?” ಎಂದು ಕೇಳಿದಳು. ಅವಳಿಗೆ ಬಾಯಿತ್ತು, ಓದಿತ್ತು, ಬ್ಯಾಂಕಿನಲ್ಲಿ ಕೆಲಸವಿತ್ತು. ಆದರೂ ಎರಡು ವರ್ಷ ತವರಿನ ಹಬ್ಬಗಳಿಗೆ ಅವಳನ್ನು ಯಾರೂ ಕರೆಯಲಿಲ್ಲ.

ಚಿತ್ರದ ಮೂಲ ಕಾದಂಬರಿ ಬರೆದದ್ದು ಮೇರಿ ಶೆಲ್ಲಿ ಎಂಬ ಇಂಗ್ಲಿಷ್ ಹೆಣ್ಣುಮಗಳು. ಸ್ತ್ರೀಯರ ಹಕ್ಕುಗಳ ಬಗ್ಗೆ 1792ರಷ್ಟು ಹಿಂದೆಯೇ ಪುಸ್ತಕ ಬರೆದ ಮೇರಿ ವುಲ್‌ಸ್ಟನ್‌ಕ್ರಾಫ್ಟ್‌ರ ಮಗಳು ಈಕೆ. 1797ರಲ್ಲಿ ಇವಳನ್ನು ಹೆತ್ತು ಹನ್ನೊಂದು ದಿನಕ್ಕೆ ತಾಯಿ ತೀರಿಕೊಂಡರು. ಇವಳ ಮೊದಲ ಕೂಸೂ 1815ರಲ್ಲಿ ಹುಟ್ಟಿದ ಕೆಲವೇ ದಿನಕ್ಕೆ ಹೋಯಿತು. ಮರುವರ್ಷ, ಹದಿನೆಂಟರ ವಯಸ್ಸಿನಲ್ಲಿ, ಜಿನೀವಾ ಸರೋವರದ ಬಳಿ ಈ ಕಥೆ ಶುರುಮಾಡಿದಳು. ಹೆರುವುದು, ಸಾಯುವುದು, ಬಿಟ್ಟುಹೋಗುವುದು ಇವೆಲ್ಲ ಅವಳಿಗೆ ಬರಿಯ ಕಲ್ಪನೆಯಾಗಿರಲಿಲ್ಲ. 1818ರಲ್ಲಿ ಪುಸ್ತಕ ಅಚ್ಚಾದಾಗ ಅವಳ ಹೆಸರನ್ನೂ ಹಾಕಿರಲಿಲ್ಲ.

ಕಾದಂಬರಿಯಲ್ಲಿ ಹೆಣ್ಣು ಹುಟ್ಟುವುದೇ ಇಲ್ಲ. ಅಲ್ಲಿ ವಿಜ್ಞಾನಿಯ ಹೆಸರು ವಿಕ್ಟರ್. ಅವನು ಮಾತು ಕೊಟ್ಟು, ಆರ್ಕ್ನಿ ದ್ವೀಪದಲ್ಲಿ ಕೆಲಸ ಆರಂಭಿಸಿ, ಅರ್ಧದಲ್ಲಿ ಕೈ ತಡೆದು ಯೋಚಿಸುತ್ತಾನೆ. ಇವಳೂ ಯೋಚಿಸಬಲ್ಲ ಜೀವಿಯಾದರೆ, ತಾನು ಹುಟ್ಟುವ ಮೊದಲೇ ಆದ ಒಪ್ಪಂದಕ್ಕೆ ಕಟ್ಟುಬೀಳದಿದ್ದರೆ? ಅವನನ್ನು ಕಂಡು ಹೇಸಿದರೆ? ಹೀಗೆಲ್ಲ ಹೆದರಿ ಮಾಡಿದ್ದನ್ನು ಹರಿದು ಹಾಕುತ್ತಾನೆ. ಇನ್ನೂರು ವರ್ಷದ ಹಿಂದೆ ಆ ಹುಡುಗಿ ಪ್ರಶ್ನೆಯನ್ನು ಎಷ್ಟು ಸರಿಯಾದ ಜಾಗದಲ್ಲಿ ಇಟ್ಟಿದ್ದಾಳೆ! ಆದರೆ ವಿಕ್ಟರ್‌ಗೆ ಅದು ಅವಳ ಹಕ್ಕಾಗಿ ಕಾಣುವುದಿಲ್ಲ, ಅಪಾಯವಾಗಿ ಕಾಣುತ್ತದೆ. ಹೆಣ್ಣು ಒಲ್ಲೆ ಎಂದಾಳು ಎಂಬ ಭಯಕ್ಕೆ ಹೆಣ್ಣನ್ನೇ ಇಲ್ಲವಾಗಿಸಿದ. ಚಿತ್ರ ಅವಳಿಗೆ ಒಲ್ಲೆ ಎನ್ನುವಷ್ಟು ಹೊತ್ತಾದರೂ ಕೊಟ್ಟಿತು.

ಒಲ್ಲೆ ಎಂದ ಮೇಲೆ ಏನಾಗುತ್ತದೆ? ರಾಕ್ಷಸ ಗೋಪುರವನ್ನೇ ಸಿಡಿಸುವ ಸನ್ನೆಕೋಲಿನ ಮೇಲೆ ಕೈ ಇಡುತ್ತಾನೆ. ಹೆನ್ರಿಗೂ ಎಲಿಜಬೆತ್‌ಗೂ, ನೀವು ಹೋಗಿ, ಬದುಕಿ ಎನ್ನುತ್ತಾನೆ. ಪ್ರಿಟೋರಿಯಸ್‌ಗೆ ನಿಲ್ಲೆನ್ನುತ್ತಾನೆ. ನಮ್ಮ ಜಾಗ ಸತ್ತವರ ನಡುವೆ ಎಂಬರ್ಥದ ಮಾತಾಡಿ, ಒಂದು ಹನಿ ಕಣ್ಣೀರು ಹಾಕಿ, ಸನ್ನೆಕೋಲು ಎಳೆಯುತ್ತಾನೆ. ಬಹಳ ಉದಾತ್ತವಾದ ಮರಣವೆಂದು ಹೊಗಳುವುದುಂಟು. ನನಗೂ ಗಂಟಲು ಕಟ್ಟಿತು. ಆದರೆ ಆ ‘ನಮ್ಮ’ ಎಂಬುದರಲ್ಲಿ ಅವಳೂ ಸೇರಿದ್ದಾಳೆ. ಹುಟ್ಟಿಸುವಾಗ ಅವಳನ್ನು ಕೇಳಲಿಲ್ಲ, ಕೊಡುವಾಗ ಕೇಳಲಿಲ್ಲ, ಸಾಯಿಸುವಾಗಲೂ ಕೇಳಲಿಲ್ಲ. ಕೊನೆಯ ಕ್ಷಣಕ್ಕೆ ಅವಳು ಇನ್ನೊಮ್ಮೆ ಬುಸುಗುಟ್ಟುತ್ತಾಳೆ. ಅದಕ್ಕೆ ಅರ್ಥ ಏನೋ.

ಮೊದಲು ಹೆನ್ರಿಯೂ ಅಲ್ಲೇ ಸಾಯುವಂತೆ ಚಿತ್ರೀಕರಿಸಿದ್ದರಂತೆ. ಆಮೇಲೆ ಬದಲಾಯಿಸಿ ಅವನನ್ನು ಹೆಂಡತಿಯ ಜೊತೆ ಸುಖವಾಗಿ ಹೊರಗೆ ಕಳಿಸಿದರು. ಇಬ್ಬರನ್ನೂ ಮಾಡಿದವನು ಬದುಕಿಕೊಂಡ. ಇದಕ್ಕೆ ಮಾತ್ರ ನಾದಿನಿಯೂ ನಾನೂ ಒಟ್ಟಿಗೇ ಬೈದೆವು.

ಬೈದು ಮುಗಿಸಿ, “ಆ ಹುಡುಗಿ ಪಾರ್ಟು ಮಾಡಿದವಳು ಯಾರಂತೆ?” ಎಂದು ಅವಳು ಕೇಳಿದಳು. ಚಿತ್ರದ ಆರಂಭದಲ್ಲಿ ಬರುವ ಮೇರಿ ಶೆಲ್ಲಿಯ ಪಾತ್ರವನ್ನೂ ಎಲ್ಸಾ ಲ್ಯಾಂಚೆಸ್ಟರೇ ಮಾಡಿದ್ದಾರೆ, ಅದಕ್ಕೆ ಅವರ ಹೆಸರಿದೆ. ಕೊನೆಯ ಪಟ್ಟಿಯಲ್ಲಿ ರಾಕ್ಷಸನ ಸಂಗಾತಿ ಎಂದಿರುವ ಕಡೆ ಹುಡುಕಿದೆವು. ಎದುರಿಗೆ ಹೆಸರಿನ ಬದಲು ಬರೀ ಒಂದು ಪ್ರಶ್ನಾರ್ಥಕ ಚಿಹ್ನೆ ಇತ್ತು.