ಓಡದ ಗಾಡಿಯ ಲೆಕ್ಕ

ಬಳಸದೆ ಇಟ್ಟ ವಸ್ತುವನ್ನು ಕಾಪಾಡಿದೆವೆಂದು ಹೇಳಬಹುದೇ? ಈ ಪ್ರಶ್ನೆ ನನಗೆ ಗ್ರಂಥಗಳಿಂದ ಬರಲಿಲ್ಲ. ಒಂದು ಹಳೆಯ ಕಾರಿನಿಂದ ಬಂತು.

ಕಳೆದ ವರ್ಷ ಸೊಲ್ಲಾಪುರದಲ್ಲಿ ಒಂದು ಸ್ಯಾನ್ ಸ್ಟಾರ್ಮ್ ಕೊಂಡೆ. ಗೋವಾದಲ್ಲಿ ತಯಾರಾಗುತ್ತಿದ್ದ, ರೆನೋ ಎಂಜಿನ್ನಿನ, ಫೈಬರ್ ಮೈಯ, ಎರಡೇ ಸೀಟಿನ ಸ್ಪೋರ್ಟ್ಸ್ ಕಾರು ಅದು. ಮೀಟರಿನಲ್ಲಿ ಹನ್ನೊಂದು ಸಾವಿರ ಕಿಲೋಮೀಟರೂ ಆಗಿರಲಿಲ್ಲ. "ಮಗುವಿನಂತೆ ನೋಡಿಕೊಂಡಿದ್ದೇವೆ, ಹೊರಗೇ ತೆಗೆದಿಲ್ಲ" ಎಂದರು ಮಾರಿದವರು. ಅಂದೇ ಅಕ್ಕಲಕೋಟೆಯ ನಮ್ಮ ಮನೆಯವರೆಗೆ, ಸುಮಾರು ನಲವತ್ತು ಕಿಲೋಮೀಟರ್, ಓಡಿಸಿಕೊಂಡು ಹೋಗಬೇಕೆಂಬ ಆಸೆ ನನಗೆ.

ಪರಿಚಯದ ಮಿಸ್ತ್ರಿ ಬಾನೆಟ್ ಎತ್ತಿ ನೋಡಿ, ಕೀಲಿಯನ್ನು ತಮ್ಮ ಕಿಸೆಗೆ ಹಾಕಿಕೊಂಡರು. "ಸಾಹೇಬ್ರ, ಇದು ಹೊಸಾದಲ್ರೀ. ನಿಂತು ನಿಂತು ಮುಪ್ಪಾಗೇದ. ಕಿಲೋಮೀಟರ್ ನೋಡಬ್ಯಾಡ್ರಿ, ವರ್ಷ ಎಣಸ್ರಿ."

ಎಣಿಸಿದೆವು. ಟೈರಿನ ಗೆರೆಗಳು ಆಳವಾಗಿಯೇ ಇದ್ದವು. ಆದರೆ ಬದಿಯಲ್ಲಿ ಅಚ್ಚಾದ 1209 ಎಂಬ ಅಂಕೆ, ಅದು 2009ರ ಹನ್ನೆರಡನೆಯ ವಾರದ್ದೆಂದು ಹೇಳುತ್ತಿತ್ತು. ರಬ್ಬರಿನಲ್ಲಿ ಕೂದಲೆಳೆಯ ಬಿರುಕುಗಳು. ಬ್ರೇಕಿನ ಎಣ್ಣೆ ಗಾಳಿಯ ತೇವವನ್ನು ಹೀರುತ್ತದಂತೆ. ತೇವ ಸೇರಿದರೆ ಬಿಸಿಯಲ್ಲಿ ಬೇಗ ಕುದಿದು, ಬೇಕಾದಾಗ ಬ್ರೇಕು ಹಿಡಿಯುವುದಿಲ್ಲ. ಟೈಮಿಂಗ್ ಬೆಲ್ಟಿಗೆ ದೂರದಂತೆ ಕಾಲದ ಮಿತಿಯೂ ಉಂಟು. ಯಾವುದು ಮೊದಲು ಮುಗಿದರೆ ಅದೇ ಲೆಕ್ಕ. ಆಗೊಮ್ಮೆ ಈಗೊಮ್ಮೆ ಎರಡು ನಿಮಿಷ ಚಾಲೂ ಮಾಡಿ ನಿಲ್ಲಿಸಿದ ಎಂಜಿನ್ ಪೂರ್ತಿ ಕಾಯುವುದಿಲ್ಲ; ಒಳಗಿನ ನೀರಿನ ಪಸೆ ಆರದೆ ಆಯಿಲಿನಲ್ಲಿಯೇ ಉಳಿಯುತ್ತದೆ. ಹಳಸಿದ ಪೆಟ್ರೋಲನ್ನು ಇಳಿಸಿ, ಆಯಿಲು, ಫಿಲ್ಟರು, ಕೂಲಂಟು, ಬ್ರೇಕಿನ ಎಣ್ಣೆ, ಬೆಲ್ಟು, ರಬ್ಬರ್ ಪೈಪು, ಬ್ಯಾಟರಿ, ನಾಲ್ಕೂ ಟೈರು ಬದಲಿಸಿದ ಮೇಲೆಯೇ ಮಿಸ್ತ್ರಿ ಕೀಲಿ ಕೊಟ್ಟರು.

ಮಾರಿದವರು ಸುಳ್ಳು ಹೇಳಿರಲಿಲ್ಲ. ಮೀಟರೂ ಸುಳ್ಳು ಹೇಳಿರಲಿಲ್ಲ. ಆದರೂ ನಾನು ಮೋಸಹೋದೆ. ಮೋಸ ಮಾಡಿದವರು ಯಾರು? ಮುಟ್ಟದೆ ಇಟ್ಟದ್ದೇ ಶುದ್ಧ, ಸವೆಯದ್ದೇ ಉತ್ತಮ ಎಂಬ ನನ್ನ ನಂಬಿಕೆಯೇ. ಬಳಸಿದರೆ ಸವೆಯುತ್ತದೆ, ನಿಜ. ಆದರೆ ಸವೆತ ಕೈಗೆ ಸಿಗುತ್ತದೆ. ದಿನವೂ ಓಡಿಸುವವನಿಗೆ ಬ್ರೇಕಿನ ಸದ್ದು ಬದಲಾದದ್ದು ಅಂದೇ ತಿಳಿಯುತ್ತದೆ. ನಿಂತದ್ದರ ಕೇಡು ಸದ್ದು ಮಾಡುವುದಿಲ್ಲ. ಅಕ್ಕಲಕೋಟೆಯ ಅರಮನೆಯ ಶಸ್ತ್ರಾಗಾರದಲ್ಲಿ ಯಾರೂ ಒರೆಯಿಂದ ಹಿರಿಯದ ಕತ್ತಿಗೂ ಎಣ್ಣೆ ಬೇಕು. ಇಡುವುದು ಒಂದು ಕೆಲಸ, ನೋಡಿಕೊಳ್ಳುವುದು ಇನ್ನೊಂದು.

ಮಾರಿದವರನ್ನು ದೂರುವ ಮೊದಲು ನನ್ನ ಮನೆಯನ್ನು ನೋಡಿಕೊಳ್ಳಬೇಕಾಯಿತು. ಹಿರಿಯರಿಂದ ಬಂದ ಕನ್ನಡವನ್ನು ನಾನೂ ಹೀಗೆಯೇ ಇಟ್ಟಿದ್ದೆ. ಮಗಳಿಗೆ ಶಾಲೆಯ ಭಾರವೇ ಸಾಕೆಂದು ಅವಳೊಡನೆ ಮರಾಠಿ ಆಡಿದೆ. ಕನ್ನಡವನ್ನು ಸಂಕ್ರಾಂತಿಯ ಸಿದ್ಧರಾಮೇಶ್ವರ ಜಾತ್ರೆಗೆ, ಊರಿನ ಮದುವೆಗಳಿಗೆ ಮೀಸಲಿಟ್ಟೆ. ಮರಾಠಿ ಕಲಿತದ್ದು ತಪ್ಪಲ್ಲ. ಅದು ನಮಗೆ ಅನ್ನ ಕೊಟ್ಟ ಭಾಷೆ. ಆದರೆ ಕಳೆದ ಯುಗಾದಿಗೆ ನನ್ನ ತಾಯಿ ಏನೋ ಕೇಳಿದಾಗ ಮಗಳು ನನ್ನ ಮುಖ ನೋಡಿ ಮರಾಠಿಯಲ್ಲಿ ಉತ್ತರಿಸಿದಳು. ಅಜ್ಜಿ ಮೊಮ್ಮಗಳ ನಡುವೆ ನಾನು ದುಭಾಷಿಯಾದೆ. ಸ್ವಲ್ಪ ಹೊತ್ತಿಗೆ ತಾಯಿ ಕೇಳುವುದನ್ನೇ ಬಿಟ್ಟರು. ಆ ಮೌನವನ್ನು ನಾನು ಆಗ ಮುಪ್ಪಿನ ಆಯಾಸವೆಂದುಕೊಂಡೆ.

ಕಾಸರಗೋಡಿನ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1967ರ ಮಹಾಜನ ವರದಿಯಲ್ಲಿ ಅಕ್ಕಲಕೋಟೆಯೂ ಚಂದ್ರಗಿರಿ ಹೊಳೆಯ ಬಡಗಣ ಕಾಸರಗೋಡೂ ಕನ್ನಡ ನಾಡಿಗೆ ಸೇರಬೇಕೆಂದಿತ್ತು, ಸೇರಲಿಲ್ಲ. ಆ ನೋವು ಸಣ್ಣದಲ್ಲ. ಆದರೆ ನನ್ನ ಮನೆಯಲ್ಲಿ ಕನ್ನಡ ನಿಂತದ್ದು ಗಡಿಗೆರೆಯಿಂದಲ್ಲ, ನನ್ನಿಂದ.

ರಿಪೇರಿ ಮುಗಿದ ಭಾನುವಾರ ಮಗಳನ್ನು ಕೂರಿಸಿಕೊಂಡು ಅಕ್ಕಲಕೋಟೆಗೆ ಹೊರಟೆ. ದಾರಿಯುದ್ದಕ್ಕೂ ಕನ್ನಡವೇ ಆಡೋಣವೆಂದು ಒಪ್ಪಂದವಾಯಿತು. ಅವಳು ತಪ್ಪುತಪ್ಪಾಗಿ ಮಾತಾಡಿದಳು, ನಕ್ಕಳು, ನಡುನಡುವೆ ಮರಾಠಿ ಸೇರಿಸಿದಳು. ನಾನು ತಿದ್ದಲಿಲ್ಲ. ಮನೆಯ ಮುಂದೆ ಇಳಿದಾಗ ತಾಯಿ, "ಊಟಾ ಆಗೇದೇನವಾ?" ಎಂದು ಕೇಳಿದರು. ಮಗಳು ನನ್ನ ಮುಖ ನೋಡದೆ, "ಇಲ್ಲಜ್ಜಿ, ಹಸಿವು" ಎಂದಳು.