ಬೇಲಿ ಹಾಕಿದವನ ಹೊಣೆ

ಹತ್ತರಗಿ ದಾಟಿ ಬೆಳಗಾವಿಗೆ ಹೋಗುವವರು ಒಂದೇ ದಿನ ಎರಡು ಆವರಣ ನೋಡಿ ಬರಬಹುದು. ಹೆದ್ದಾರಿಯ ಮಗ್ಗುಲಿಗೆ ಭೂತರಾಮನಹಟ್ಟಿಯ ಕಿತ್ತೂರು ರಾಣಿ ಚನ್ನಮ್ಮ ಮೃಗಾಲಯ. ಪಟ್ಟಣ ಸೇರಿದ ಮೇಲೆ ಕೋಟೆ. ನಮ್ಮ ದಡ್ಡಿ ಕಡೆಯವರು ಮುಂಜಾನೆ ಬುತ್ತಿ ಕಟ್ಟಿಕೊಂಡು ಹೊರಟರೆ ಸಂಜೆಗೆ ಮನೆ ಸೇರುತ್ತಾರೆ. ಎರಡಕ್ಕೂ ಬಾಗಿಲಿದೆ, ಕಾವಲಿದೆ. ಕೋಟೆಗೆ ಹೊರಗಿನವರು ಒಳಗೆ ನುಗ್ಗಿಯಾರೆಂಬ ಚಿಂತೆ, ಮೃಗಾಲಯಕ್ಕೆ ಒಳಗಿನವು ಹೊರಗೆ ಹೋದಾವೆಂಬ ಚಿಂತೆ. ಆದರೂ ಎರಡನ್ನೂ ನೋಡಿದವರಿಗೆ ಏಳಬೇಕಾದ ಪ್ರಶ್ನೆ ಒಂದೇ: ಒಳಗಿರುವ ಜೀವಕ್ಕೆ ಹೊಣೆ ಯಾರು?

ಕೋಟೆ ರಟ್ಟರ ಕಾಲದ್ದು. ರಟ್ಟ ಅರಸರ ಅಧಿಕಾರಿ ಬೀಚಿರಾಜ 1204ರ ಸುಮಾರಿಗೆ ಇದನ್ನು ಕಟ್ಟಿಸಿದನೆನ್ನುತ್ತಾರೆ. ಮುಂದೆ ವಿಜಯನಗರ, ಬಹಮನಿ, ಆದಿಲಶಾಹಿ, ಮರಾಠರು ಒಬ್ಬರಾದ ಮೇಲೊಬ್ಬರು ಬಂದರು. 1818ರಲ್ಲಿ ಥಾಮಸ್ ಮನ್ರೊನ ಸೇನೆ ಮುತ್ತಿಗೆ ಹಾಕಿ ವಶಪಡಿಸಿಕೊಂಡಿತು. ಕಂದಕ ಎಷ್ಟೇ ಆಳವಿದ್ದರೂ ಯಾವ ಒಡೆಯನನ್ನೂ ಅದು ಕೊನೆತನಕ ಕಾಯಲಿಲ್ಲ. ಉಳಿದದ್ದು ಬೇರೆ. ಬಾಗಿಲ ಬಳಿ ದುರ್ಗಾದೇವಿಯ ಗುಡಿ ಇದೆ, ಒಳಗೆ ಕಮಲ ಬಸದಿ ಇದೆ, ಸಫಾ ಮಸೀದಿ ಇದೆ. ಬಸದಿಯ ಮಂಟಪದಲ್ಲಿ ನಿಂತು ಕತ್ತೆತ್ತಿದರೆ ಛಾವಣಿಯಿಂದ ಕಲ್ಲಿನ ಕಮಲವೊಂದು ಕೆಳಮುಖವಾಗಿ ಅರಳಿದೆ. ಎಂಟು ನೂರು ವರ್ಷಗಳಲ್ಲಿ ಊರಿನ ಒಡೆತನ ಎಷ್ಟೋ ಸಲ ಕೈ ಬದಲಾಯಿಸಿತು. ಆ ಎಸಳುಗಳು ಮುಕ್ಕಾಗದೆ ಉಳಿದದ್ದು ಬರೀ ಗೋಡೆಯ ಬಲದಿಂದಲ್ಲ. ಕಸ ಗುಡಿಸಿದವರು, ದೀಪ ಹಚ್ಚಿದವರು, ಸೋರಿದ ಕಡೆ ಗಾರೆ ಮೆತ್ತಿದವರು ಪ್ರತಿ ತಲೆಮಾರಿನಲ್ಲೂ ಯಾರೋ ಇದ್ದಿರಬೇಕು. ಅವರ ಹೆಸರನ್ನು ಯಾವ ಶಾಸನದಲ್ಲೂ ಕೆತ್ತಿಲ್ಲ.

ಇನ್ನು ಮೃಗಾಲಯ. ಚನ್ನಮ್ಮನ ಹೆಸರು ಅಭಿಮಾನದಿಂದ ಇಟ್ಟದ್ದೇ. ಆದರೂ ಆ ಹೆಸರಿನ ಕೆಳಗೆ ಪಂಜರಗಳ ಸಾಲು ಕಂಡಾಗ ಮನಸ್ಸು ಒಂದು ಗಳಿಗೆ ತಡೆಯುತ್ತದೆ. 1824ರ ಅಕ್ಟೋಬರಿನಲ್ಲಿ ಕಿತ್ತೂರಿನ ಬಾಗಿಲಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಥ್ಯಾಕರೆ ರಾಣಿ ಚನ್ನಮ್ಮನ ಸೇನೆಯೊಡನೆ ನಡೆದ ಕಾಳಗದಲ್ಲಿ ಹತನಾದ. ಸ್ಟೀವನ್‌ಸನ್ ಮತ್ತು ಎಲಿಯಟ್ ಎಂಬ ಇಬ್ಬರು ಅಧಿಕಾರಿಗಳು ರಾಣಿಯ ಕಡೆಯವರಿಗೆ ಸೆರೆ ಸಿಕ್ಕರು. ಶತ್ರುವಿನ ಮನುಷ್ಯರು, ಕೈಯಲ್ಲಿ ಸಿಕ್ಕವರು. ಕೆಲವು ವಾರಗಳ ನಂತರ ಇಬ್ಬರೂ ಜೀವಂತ ಹೊರಬಂದರು. ಆ ವಾಲ್ಟರ್ ಎಲಿಯಟ್ಟನೇ ಮುಂದೆ ಕನ್ನಡ ನಾಡಿನ ನೂರಾರು ಶಾಸನಗಳ ಪ್ರತಿ ಮಾಡಿಸಿ ಕೂಡಿಸಿದ. ಆದರೆ ಕಂಪನಿಯ ಸೆರೆ ಸೇರಿದ ಚನ್ನಮ್ಮ ಹೊರಗೆ ಬರಲಿಲ್ಲ. 1829ರಲ್ಲಿ ಬೈಲಹೊಂಗಲದ ಕೋಟೆಯಲ್ಲೇ ತೀರಿಕೊಂಡಳು. ಬಂಧನದಲ್ಲಿ ಪ್ರಾಣ ಬಿಟ್ಟ ಹೆಣ್ಣುಮಗಳ ಹೆಸರು ಹೊತ್ತ ಜಾಗ ಬೇರೆ ಯಾವ ಜಾಗಕ್ಕಿಂತಲೂ ಹೆಚ್ಚು ಎಚ್ಚರದಿಂದ ಇರಬೇಕಲ್ಲವೆ?

2025ರ ನವೆಂಬರಿನಲ್ಲಿ ಆ ಎಚ್ಚರದ ಬೆಲೆ ಎಲ್ಲರಿಗೂ ತಿಳಿಯಿತು. ಕೆಲವೇ ದಿನಗಳಲ್ಲಿ ಅಲ್ಲಿನ 38 ಕೃಷ್ಣಮೃಗಗಳ ಪೈಕಿ 31 ಸತ್ತವು. ಕಾರಣ ಗಳಲೆ ರೋಗ. ಈ ಭಾಗದಲ್ಲಿ ದನ ಎಮ್ಮೆ ಕಟ್ಟಿದವರಿಗೆ ಈ ಬ್ಯಾನಿ ಹೊಸದಲ್ಲ. ಜ್ವರ ಬರುತ್ತದೆ, ಗಂಟಲು ಬಾಯುತ್ತದೆ, ಉಸಿರು ಕಟ್ಟುತ್ತದೆ. ಔಷಧಕ್ಕೆ ಓಡುವಷ್ಟರಲ್ಲಿ ಜೀವ ಹೋಗಿರುತ್ತದೆ. ಅದಕ್ಕೇ ಮಳೆಗಾಲಕ್ಕೆ ಮುಂಚೆ ದನಗಳಿಗೆ ಲಸಿಕೆ ಹಾಕಿಸುವುದು. ಇಲ್ಲಿ ಯಾರ ಕೈ ತಪ್ಪಿತು ಎನ್ನುವುದನ್ನು ತನಿಖೆ ಮಾಡುವವರು ಹೇಳಲಿ. ನನ್ನ ಮನಸ್ಸಿನಲ್ಲಿ ಉಳಿದದ್ದು ಇನ್ನೊಂದು ಸಂಗತಿ. ಕೃಷ್ಣಮೃಗಕ್ಕೆ ದೇವರು ಕೊಟ್ಟ ಆಯುಧವೆಂದರೆ ಕಾಲು. ಬಯಲು ಸೀಮೆಯಲ್ಲಿ ಅಪಾಯ ಕಂಡರೆ ಚಂಗನೆ ನೆಗೆದು ದೂರ ಹೋಗುವ ಪ್ರಾಣಿ ಅದು. ಬೇಲಿ ಹಾಕಿದ ದಿನವೇ ಆ ಆಯುಧ ನಾವು ಕಸಿದುಕೊಂಡೆವು. ರೋಗ ಪಕ್ಕದಲ್ಲೇ ಬಂದು ನಿಂತರೂ ಅದು ಸರಿದು ಹೋಗುವಂತಿರಲಿಲ್ಲ. ಕಸಿದುಕೊಂಡದ್ದಕ್ಕೆ ಬದಲಾಗಿ ನಾವು ಕೊಡಬೇಕಾದದ್ದು ಬರೀ ಮೇವು ನೀರಲ್ಲ, ಅದು ಓಡಿ ತಪ್ಪಿಸಿಕೊಳ್ಳಬಹುದಾಗಿದ್ದ ಎಲ್ಲ ಅಪಾಯಗಳಿಂದ ರಕ್ಷಣೆ.

ಈ ಹೊಣೆ ಹೊರುವುದು ಹೇಗೆಂದು ನಮ್ಮ ಕುರುಬರನ್ನು ನೋಡಿ ಕಲಿಯಬಹುದು. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಸುಗ್ಗಿ ಮುಗಿದ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸುತ್ತಾರೆ. ಕತ್ತಲಾಗುವ ಮುಂಚೆ ಗೂಟ ನೆಟ್ಟು ಬಲೆ ಕಟ್ಟಿ ಕುರಿಗಳನ್ನು ಒಳಗೆ ಕೂಡುತ್ತಾರೆ. ಆಮೇಲೆ ಕುರುಬ ಊರೊಳಗೆ ಹೋಗಿ ಮಲಗುವುದಿಲ್ಲ. ಬಲೆಯ ಮಗ್ಗುಲಲ್ಲೇ ಕಂಬಳಿ ಹಾಸುತ್ತಾನೆ. ಚಳಿ ಇರಲಿ, ಅಡ್ಡಮಳೆ ಬರಲಿ, ನಾಯಿ ಬೊಗಳಿದರೆ ಮೊದಲು ಏಳುವವನು ಅವನೇ. ಒಂದು ಕುರಿ ಕುಂಟಿದರೆ ಬೆಳಗಾಗುವುದರೊಳಗೆ ಅವನಿಗೆ ಗೊತ್ತು. ಕೂಡಿಹಾಕುವ ಹಕ್ಕನ್ನು ಅವನು ತನ್ನ ನಿದ್ದೆ ಕೊಟ್ಟು ಪಡೆದಿದ್ದಾನೆ. ಧರ್ಮ ಅಂದರೆ ಇಷ್ಟೇ ಅನ್ನಿಸುತ್ತದೆ.

ಹಾಗಾದರೆ ಮೃಗಾಲಯ ಮುಚ್ಚಬೇಕೆ? ಹೇಳಲು ಸುಲಭದ ಮಾತು. ಪಂಜರದಲ್ಲೇ ಹುಟ್ಟಿದ ಸಿಂಹಕ್ಕೆ ಬೇಟೆ ಕಲಿಸುವವರು ಯಾರು? ಕೃಷ್ಣಮೃಗ ಮೇಯುವ ಹುಲ್ಲುಗಾವಲನ್ನು ಉಳುಮೆ, ರಸ್ತೆ, ನಿವೇಶನಗಳು ತಿಂದ ಮೇಲೆ ಅದನ್ನು ಬಿಡುವುದಾದರೂ ಎಲ್ಲಿಗೆ? ಅನೇಕ ಪ್ರಾಣಿಗಳಿಗೆ ಬೇಲಿಯೇ ಈಗ ಉಳಿದಿರುವ ಮನೆ. ಆದ್ದರಿಂದಲೇ ಒಳಗಿನ ಕೆಲಸ ದೊಡ್ಡದು: ಪಶುವೈದ್ಯರು, ಮೇವು ಹಾಕುವವರು, ಸಗಣಿ ಬಾಚುವವರು, ಬೆಳಗಿನ ಹೊತ್ತು ಪ್ರಾಣಿಗಳ ತಲೆ ಎಣಿಸುವವರು. ನಾವು ಟಿಕೆಟ್ ಕೊಂಡು ಹುಲಿಯ ಮುಂದೆ ಸೆಲ್ಫಿ ತೆಗೆದುಕೊಂಡು ಬರುತ್ತೇವೆ. ಇವರ ಮುಖ ನೋಡುವುದೇ ಇಲ್ಲ.

ಮನೆಯಲ್ಲಿ ಮುದುಕಿಯನ್ನು ಒಳಕೋಣೆಗೆ ಸೇರಿಸಿದವರು, ಹಾಸ್ಟೆಲಿಗೆ ಮಗುವನ್ನು ಬಿಟ್ಟವರು, ಜೈಲಿನ ಬೀಗ ಹಿಡಿದವರು ಎಲ್ಲರಿಗೂ ಇದೇ ಲೆಕ್ಕ. ಒಳ್ಳೆಯ ಕಾರಣಕ್ಕೇ ಬಾಗಿಲು ಹಾಕಿರಬಹುದು. ಹಾಕಿದ ಮೇಲೆ ಒಳಗಿನವರ ಹಸಿವು, ಬ್ಯಾನಿ, ಭಯ ನಮ್ಮ ಪಾಲಿನದ್ದು. ಮುಂದಿನ ಸಲ ಮೃಗಾಲಯಕ್ಕೆ ಮಕ್ಕಳನ್ನು ಕರೆದೊಯ್ಯುವ ಗುರುಗಳು ಒಂದು ಪ್ರಶ್ನೆ ಕಲಿಸಿ ಕಳಿಸಲಿ. ‘ಹುಲಿ ಎಲ್ಲೈತ್ರಿ?’ ಎಂದು ಮಕ್ಕಳು ತಾವಾಗಿಯೇ ಕೇಳುತ್ತಾರೆ. ‘ರಾತ್ರಿ ಇದಕ್ಕ ಆರಾಮಿಲ್ಲಂದ್ರ ಯಾರು ನೋಡ್ತಾರ್ರಿ?’ ಎಂದು ಕೇಳುವುದನ್ನು ನಾವೇ ಕಲಿಸಬೇಕು.